ಮೀನಖಂಡದ ಕಾರುಬಾರು

ಕವಿಗಳು ಹೃದಯಕ್ಕೆ ಬರೆದದ್ದರಲ್ಲಿ ನೂರರಲ್ಲೊಂದು ಪಾಲನ್ನೂ ಮೀನಖಂಡಕ್ಕೆ ಬರೆದಿಲ್ಲ. ಇದು ಘೋರ ಪಕ್ಷಪಾತವೆಂದು ನನಗೆ ಹೊಳೆದದ್ದು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ, ನಂದಿಯ ಹತ್ತಿರ ಏದುಸಿರು ಬಿಡುತ್ತಾ ಕುಳಿತಾಗ.

ಕೂತು ಪೇಪರ್ ಓದುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಇಡೀ ಮೈಯ ಸ್ನಾಯುಗಳ ಪಾಲು ಹೆಚ್ಚೆಂದರೆ ಐದರಲ್ಲೊಂದು. ಗಟ್ಟಿಮುಟ್ಟಾದ ಹರೆಯದವನು ಜೀವ ಬಿಟ್ಟು ಓಡಿದರೆ ಅದು 20–25 ಲೀಟರಿಗೇರಿ, ನೂರಕ್ಕೆ ಸುಮಾರು 80 ಪಾಲು ಸ್ನಾಯುಗಳಿಗೇ ಹೋಗುತ್ತದೆ. ನನ್ನಂಥ ಪಿಂಚಣಿದಾರನ ಲೆಕ್ಕ ಇಲ್ಲಿ ಬೇಡ.

ಇದೆಲ್ಲ ಮೇಲಿನವರ ಅಪ್ಪಣೆಯೆಂದು ನಾವು ನಂಬಿರುತ್ತೇವೆ. ಆದರೆ ಹೃದಯಕ್ಕೆ 'ಜೋರು' ಎನ್ನುವ ಸಿಂಪಥೆಟಿಕ್ ನರಗಳೇ ರಕ್ತನಾಳಗಳಿಗೆ 'ಬಿಗಿ' ಎನ್ನುತ್ತವೆ. ಕರುಳು, ಮೂತ್ರಪಿಂಡ ಮರುಮಾತಿಲ್ಲದೆ ಪಾಲಿಸುತ್ತವೆ. ದುಡಿಯುವ ಸ್ನಾಯು ಮಾತ್ರ, ಕೆರೆಯ ಕೊನೆಯಂಚಿನ ಗದ್ದೆಯವನು ನೀರುಗಂಟಿಗೆ ಕಾಯದೆ ತಾನೇ ತೂಬೆತ್ತುವ ಹಾಗೆ, ತನ್ನ ನಾಳ ತಾನೇ ತೆರೆದುಕೊಳ್ಳುತ್ತದೆ. ಅದೂ ಒಂದೆರಡು ಸೆಕೆಂಡಿನಲ್ಲಿ! ಈ ಮೊಂಡುತನಕ್ಕೆ 1962ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು 'ಫಂಕ್ಷನಲ್ ಸಿಂಪಥೊಲೈಸಿಸ್' ಎಂಬ ಘನವಾದ ಹೆಸರಿಟ್ಟರು.

ಉಪಾಯವೇನು? ಸ್ನಾಯು ಕೆಲಸ ಮಾಡುತ್ತಾ ಪೊಟ್ಯಾಸಿಯಂ, ಅಡಿನೋಸಿನ್‌ಗಳನ್ನು ಹೊರಬಿಡುತ್ತದೆ. ಅವು ಪಕ್ಕದ ಕಿರುಧಮನಿಗಳನ್ನು ಸಡಿಲಿಸುತ್ತವೆ. ಆಮ್ಲಜನಕ ಕಳಚಿಕೊಟ್ಟ ಕೆಂಪುಕಣ ಸುಮ್ಮನೆ ಹೋಗದೆ ಎಟಿಪಿ ಬಿಟ್ಟು, ನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಹೊರಡಿಸುತ್ತದೆ. ಒಳಪದರದಲ್ಲಿ ಸುದ್ದಿ ಕೋಶದಿಂದ ಕೋಶಕ್ಕೆ ದಾಟಿ, ಮೇಲ್ಗಡೆಯ ನಾಳಗಳೂ ಹಿಗ್ಗುತ್ತವೆ. ಒಂದು ದಾರಿಗೆ ಅಡ್ಡಗಟ್ಟಿದರೆ ಇನ್ನೊಂದು ಸಿದ್ಧ. ಹಾಗಾಗಿ ಇವರಲ್ಲಿ ಯಜಮಾನ ಯಾರೆಂಬ ವಿಜ್ಞಾನಿಗಳ ಜಗಳ ಮುಗಿದೇ ಇಲ್ಲ.

ಜೊತೆಗೆ ಬಂದಿದ್ದ ಭಾವಮೈದುನ ಹೊರಡುವ ಮುನ್ನ ಎರಡು ಬೆಣ್ಣೆ ಮಸಾಲೆ ಮುಗಿಸಿದ್ದ. "ಭಾವ, ದೋಸೆ ಇನ್ನೂ ಎದೆಯಲ್ಲೇ ನಿಂತಿದೆ" ಎಂದು ಗೊಣಗಿದ. ನಿಲ್ಲದೆ ಏನು ಮಾಡೀತು? ಹೊಟ್ಟೆಯ ಪಾಲಿನ ರಕ್ತವನ್ನು ಅವನ ತೊಡೆಗಳು ಕಬಳಿಸಿ ಕೂತಿದ್ದವು. ಅರ್ಧ ಪಾಠ ಕೇಳುವಷ್ಟರಲ್ಲಿ ಆಸಾಮಿ ಎದ್ದು ಹತ್ತತೊಡಗಿದ. ಆಯಾಸ ಕಳೆದಿತ್ತೋ, ಪಾಠ ಸಾಕಾಗಿತ್ತೋ ತಿಳಿಯದು.

ನೀವು ಹತ್ತುವುದಾದರೆ ಒಂದು ಮಾತು. ಮೇಲೆ ತಲುಪಿದೊಡನೆ ಗಕ್ಕನೆ ನಿಂತುಬಿಡಬೇಡಿ. ಹಿಗ್ಗಿದ ನಾಳಗಳು ಆ ಕ್ಷಣಕ್ಕೇ ಕುಗ್ಗುವುದಿಲ್ಲ. ಸುಮ್ಮನಾದ ಮೀನಖಂಡ ರಕ್ತವನ್ನು ಮೇಲಕ್ಕೆ ಹಿಂಡುವುದೂ ಇಲ್ಲ. ಅದು ಕಾಲಿನಲ್ಲೇ ತಂಗಿ ತಲೆ ಸುತ್ತುತ್ತದೆ. ನಾಲ್ಕು ಹೆಜ್ಜೆ ಅಡ್ಡಾಡಿ, ಆಮೇಲೆ ದೇವಿಗೆ ಕೈಮುಗಿಯಿರಿ.