ಕಲ್ಲು ಬ್ಯಾಡ, ಕಲ್ಲಿನಂಗ ಕಾಣೋದು ಕೊಡ್ರಿ

ನಮ್ಮ ಸೇಡಂ ಸೀಮೆಯಲ್ಲಿ ಬಾವಿ ತೋಡಲು ಹೋದರೆ ಮೊದಲು ಕಲ್ಲು, ಆಮೇಲೆ ನೀರು. ಎಷ್ಟೋ ಸಲ ಬರೀ ಕಲ್ಲು. ಅದೂ ಎಂಥ ಕಲ್ಲು? ಪುಸ್ತಕದ ಹಾಳೆಯಂತೆ ಪದರು ಪದರಾಗಿ ಏಳುವ ಕಲ್ಲು. ಉಳಿ ಇಟ್ಟು ನಾಲ್ಕು ಪೆಟ್ಟು ಹಾಕಿದರೆ ಹಾಸುವುದಕ್ಕೆ ಫರ್ಸಿ ತಯಾರು. ಇಂಥ ಊರಿನಲ್ಲಿ ಕೂತು ನಾವು ಅಡುಗೆಮನೆಗೆ ನೆಲ ಹುಡುಕುತ್ತ ಮೂರು ತಿಂಗಳು ತಿರುಗಿದೆವು.

ತಪ್ಪು ನನ್ನದೇ. ಹಳೇ ಅಡುಗೆಮನೆ ಕೆಡವಿದ ದಿನ, 'ಮತ್ತ ಫರ್ಸಿನೇ ಹಾಕಿಸಿದ್ರಾಯ್ತು' ಅಂದುಬಿಟ್ಟೆ. ಹೆಂಡತಿ ಕೈಯಲ್ಲಿದ್ದ ಚರಿಗೆ ಕೆಳಗಿಟ್ಟು ಕೇಳಿದಳು: 'ಏನ್ರೀ, ಅಡಗಿಮನಿ ಕಟ್ಲಕತ್ತೀರೋ, ದನದ ಕೊಟ್ಟಿಗಿನೋ?' ಚಿಂಚೋಳಿಯ ಬೀಗರ ಮನೆಯ ಉದಾಹರಣೆ ಕೂಡಲೇ ಬಂತು. ಅವರ ಅಡುಗೆಮನೆಯ ನೆಲದಲ್ಲಿ ಮುಖ ಕಾಣುತ್ತದಂತೆ. ಕಾಣುವುದು ನಿಜ. ಗೃಹಪ್ರವೇಶದ ದಿನ ಬಂದವರೆಲ್ಲ ಕಾಲಬೆರಳು ಊರಿಕೊಂಡು ಕೆಸರಿನಲ್ಲಿ ಹೋಗುವವರ ಹಾಗೆ ನಡೆಯುತ್ತಿದ್ದುದನ್ನೂ ನಾನು ನೋಡಿದ್ದೆ. ಆದರೆ ಬೀಗರ ನೆಲದ ಬಗ್ಗೆ ಮಾತಾಡಿದವನಿಗೆ ಆ ರಾತ್ರಿ ಊಟ ಹಿಡಿಸುವುದಿಲ್ಲ.

ಫರ್ಸಿಯ ದುರ್ದೈವ ಏನೆಂದರೆ ಅದು ಎಲ್ಲ ಕಡೆಯೂ ಇದೆ. ಸ್ಟೇಷನ್ನಿನಲ್ಲಿ ಫರ್ಸಿ, ಸರ್ಕಾರಿ ಶಾಲೆಯಲ್ಲಿ ಫರ್ಸಿ, ಅರ್ಜಿ ಹಿಡಿದು ದಿನವಿಡೀ ಕೂರುವ ಕಚೇರಿಯ ಜಗಲಿಯೂ ಫರ್ಸಿ. ಕಾಯುವ ಜಾಗದ ಕಲ್ಲನ್ನು ಮನೆಯೊಳಗೆ ತರಲು ಯಾರಿಗೆ ಮನಸ್ಸಾದೀತು? ಹೊರಗಿನವರಿಗೆ ಈ ನಾಚಿಕೆಯಿಲ್ಲ. ಪುಣೆಯ ಹಳೇ ವಾಡೆಗಳ ಅಂಗಳಕ್ಕೆ ಹೋಗಿ ಕೇಳಿ, 'ಶಹಾಬಾದಿ ಫರಶಿ' ಅನ್ನುತ್ತಾರೆ. ಶಹಾಬಾದ ನಮ್ಮ ಸರ್ಕಾರದ ಕಾಗದದಲ್ಲಿ ತಾಲ್ಲೂಕಾಗುವ ಎಷ್ಟೋ ಮೊದಲೇ ಮರಾಠಿಗರ ಬಾಯಲ್ಲಿ ನೆಲವಾಗಿತ್ತು. ಅತ್ತ ತೆಲಂಗಾಣದ ಗಡಿ ದಾಟಿದರೆ ಇದೇ ಬಗೆಯ ಕಲ್ಲು ತೆಲುಗು ಕಲಿತು ತಾಂಡೂರು ಕಲ್ಲಾಗಿ ಮಾರಾಟವಾಗುತ್ತದೆ.

ನಾನು ಇತಿಹಾಸದ ಮೊರೆಹೋದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಪಕ್ಕ, ಕನಗನಹಳ್ಳಿಯ ಸ್ತೂಪದಲ್ಲಿ ಸುಣ್ಣಕಲ್ಲಿನ ಹಲಗೆಯ ಮೇಲೆ ಸಾಕ್ಷಾತ್ ಅಶೋಕನನ್ನು ರಾಣಿಯ ಸಮೇತ ಕೆತ್ತಿ, ಬ್ರಾಹ್ಮಿಯಲ್ಲಿ 'ರಾಯೊ ಅಸೋಕೊ' ಎಂದು ಹೆಸರನ್ನೂ ಬರೆದಿದ್ದಾರೆ. ಸುಮಾರು ಎರಡು ಸಾವಿರ ವರ್ಷವಾಯಿತು, ಕಲ್ಲು ಓದಿಸಿಕೊಳ್ಳುತ್ತಿದೆ. ನಮ್ಮದೇ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ದಂಡೆಯ ಕೋಟೆ ಕಟ್ಟಿದ್ದೂ ಈ ಸೀಮೆಯ ಕಲ್ಲಿನಿಂದಲೇ. ಅದು ರಾಷ್ಟ್ರಕೂಟರ ರಾಜಧಾನಿ, ನೃಪತುಂಗ ಆಳಿದ ಊರು. ಅಶೋಕನಿಗೆ ಆಗಿದ್ದು, ಮಳಖೇಡಕ್ಕೆ ಒಗ್ಗಿದ್ದು ನಮಗೆ ಆಗುವುದಿಲ್ಲವೇ ಅಂದೆ.

'ಅವರ ಮನ್ಯಾಗ ನೆಲ ಒರಸ್ಲಿಕ್ಕೆ ಆಳಿದ್ರು. ನಮ್ಮನ್ಯಾಗ ಯಾರದಾರ?' ಅಂದಳು. ಈ ಪ್ರಶ್ನೆಗೆ ಶಾಸನದಲ್ಲಿ ಉತ್ತರವಿಲ್ಲ.

ಹೀಗೆ ಕಲಬುರಗಿಯ ಒಂದು ಟೈಲ್ಸ್ ಅಂಗಡಿಗೆ ಹೋದೆವು. ಹತ್ತುವಾಗಲೇ ಕಣ್ಣಿಗೆ ಬಿದ್ದದ್ದು ಮೆಟ್ಟಿಲು: ಮೂರೂ ಫರ್ಸಿ. ಲಕ್ಷ ಕಾಲು ತುಳಿದು ನಡುವೆ ಕೊಂಚ ಸವೆದು, ಎಣ್ಣೆ ಹಚ್ಚಿದಂತೆ ನುಣ್ಣಗಾಗಿದ್ದವು. ಮೇಲೆ ಕಾಲಿಟ್ಟರೆ ಚಳಿಗಾಲ; ಎಸಿ. ಹುಡುಗನೊಬ್ಬ ಎರಡು ಅಡಿ ನಾಲ್ಕು ಅಡಿಯ ಹಲಗೆಗಳನ್ನು ಸೀರೆ ಅಂಗಡಿಯವರ ಹಾಗೆ ಒಂದೊಂದೇ ಎಳೆದು ತೋರಿಸಿದ. ಗ್ಲಾಸಿ, ಮ್ಯಾಟ್, ಶುಗರ್, ಕಾರ್ವಿಂಗ್. 'ಎಲ್ಲಾ ಮೋರ್ಬಿ ಮಾಲು ಸರ್. ನೀರು ಕುಡಿಯೋದು 0.5 ಪರ್ಸೆಂಟಿಗಿಂತ ಕಮ್ಮಿ.' ನಲ್ಲಿ ನೀರು ಬಂದ ದಿನ ಹಬ್ಬದಂತೆ ಓಡಾಡುವ ನಮಗೆ, ನೆಲವಾದರೂ ಪಾಲು ಕೇಳುವುದಿಲ್ಲವಲ್ಲ ಎಂದು ಸಮಾಧಾನವಾಯಿತು.

ಕೊನೆಗೆ ಅವನು ದನಿ ತಗ್ಗಿಸಿ, ಒಳಗಿನಿಂದ ಒಂದು ಪೆಟ್ಟಿಗೆ ತರಿಸಿದ. ಬೂದು ಬಣ್ಣ, ಅಲ್ಲಲ್ಲಿ ನೀಲಿ ಛಾಯೆ, ಒಂದು ಮೂಲೆಯಲ್ಲಿ ಪದರು ಎದ್ದ ಗುರುತಿನ ಚಿತ್ರ. 'ನ್ಯಾಚುರಲ್ ಸ್ಟೋನ್ ಲುಕ್ ಸರ್. ಮುಟ್ಟಿ ನೋಡ್ರಿ, ಕಲ್ಲಲ್ಲ ಅಂತ ಯಾರೂ ಅನ್ನಂಗಿಲ್ಲ.' ನಮ್ಮ ಕೊಟ್ಟಿಗೆಯ ಫರ್ಸಿ ಹುಟ್ಟಿದ್ದೇ ಹಾಗೆ. ಹೆಂಡತಿ ಕೈಯಾಡಿಸಿ, 'ಎಷ್ಟು ರಾಯಲ್ ಅದ ನೋಡ್ರಿ' ಅಂದಳು. ಮಗಳಿಗೆ ಹೊಳಪು ಬೇಕಿತ್ತು. ರಾಜಿಯಾಯಿತು: ಬಣ್ಣ ಕಲ್ಲಿನದು, ಹೊಳಪು ಕನ್ನಡಿಯದು.

ವಾಡಿಯಿಂದ ಗೌಂಡಿ ಬಂದ. 'ಫರ್ಸಿ ಕೂಡಿಸೋ ಹುಡುಗ್ರು ಈಗ ಸಿಗಂಗಿಲ್ರಿ ಸಾಹೇಬ್ರ. ಇದಾದ್ರ ಸಂಜೀಕ ಮುಗಿಸ್ತಾರ' ಅಂದ. ಅವನು ನೆಲ ಸಮ ಮಾಡಲು ಸಿಮೆಂಟು ಕಲಸುತ್ತಿದ್ದಾಗ ನಾನು ಖಾಲಿ ಚೀಲ ಕೈಗೆತ್ತಿಕೊಂಡೆ. 50 ಕಿಲೋ, ನಮ್ಮ ಜಿಲ್ಲೆಯದೇ. ವಾಡಿಯಲ್ಲಿ 1968ರಿಂದ ಭಟ್ಟಿ ಉರಿಯುತ್ತಿದೆ. ಸೇಡಂ, ಮಳಖೇಡ, ಚಿಂಚೋಳಿ ಕಡೆಯೂ ಅದೇ ಹೊಗೆ. ಸುಣ್ಣಕಲ್ಲನ್ನು ಪುಡಿ ಮಾಡಿ 1450 ಡಿಗ್ರಿಯ ಹತ್ತಿರ ಸುಟ್ಟರೆ ಕ್ಲಿಂಕರ್. ಸುಡುವಾಗ ನೂರು ಕಿಲೋ ಸುಣ್ಣಕಲ್ಲಿನಲ್ಲಿ 44 ಕಿಲೋವರೆಗೆ ಇಂಗಾಲದ ಡೈಆಕ್ಸೈಡ್ ಆಗಿ ಮೇಲೆ ಹೋಗುತ್ತದೆ. ಉಳಿದದ್ದು ಚೀಲಕ್ಕೆ. ಅಂದರೆ ನನ್ನ ಹೊಲದ ಬದುವಿನ ಕಲ್ಲನ್ನು ಸುಟ್ಟು ಪುಡಿ ಮಾಡಿ ನನಗೇ ಮಾರಿದರು. ಅದನ್ನು ಕಲಸಿ ನಾನು ನೆಲ ಮಾಡಿಸಿದೆ. ಅದರ ಮೇಲೆ ಸಾವಿರ ಕಿಲೋಮೀಟರಿಗೂ ದೂರದ ಗುಜರಾತಿನ ಮೋರ್ಬಿಯಿಂದ ಬಂದ ಸುಟ್ಟ ಮಣ್ಣನ್ನು ಅಂಟಿಸಿದೆ. ಆ ಮಣ್ಣಿನ ಮೇಲೆ ಅಚ್ಚಾಗಿದ್ದದ್ದು ಕಲ್ಲಿನ ಚಿತ್ರ. ಇಷ್ಟೆಲ್ಲದರ ಕೆಳಗೆ, ನಾಲ್ಕಡಿ ಆಳದಲ್ಲಿ, ಅದೇ ಕಲ್ಲು ಬಿಟ್ಟಿಯಾಗಿ ಮಲಗಿತ್ತು.

ಫರ್ಸಿಗೆ ದೋಷವೇ ಇಲ್ಲ ಅಂದರೆ ಅವ್ವ ಮೇಲಿನಿಂದ ನಕ್ಕಾಳು. ಹುಳಿ ಅದಕ್ಕೆ ಶತ್ರು. ನಿಂಬೆಹಣ್ಣು ಹಿಂಡಿದರೆ ಸಣ್ಣಗೆ ಬುರುಗು ಬಂದು ಬಿಳಿ ಕಲೆ ಕೂರುತ್ತದೆ. ಪುಂಡಿಪಲ್ಯ, ಹುಣಸೆ ನೀರು ಚೆಲ್ಲಿದ ಕೂಡಲೇ ಒರೆಸಬೇಕು. ಸಂದಿಯಲ್ಲಿ ಇರುವೆ ಸಂಸಾರ ಹೂಡುತ್ತವೆ. ಅವ್ವ ಒಲೆಯ ಮುಂದಿನ ಕಲ್ಲಿಗೆ ಆಗಾಗ ಎಣ್ಣೆ ಕೈ ಸವರುತ್ತಿದ್ದಳು, ಅದು ಕಪ್ಪಗೆ ಮಿರುಗುತ್ತಿತ್ತು. ಟೈಲ್ಸಿಗೆ ಪುಂಡಿಪಲ್ಯದ ಭಯವಿಲ್ಲ, ಒಪ್ಪಿದೆ. ಅದಕ್ಕಿರುವುದು ಬೇರೆ ಭಯ.

ಮೊದಲ ವಾರ ಹೊರಗಿನಿಂದ ಬಂದ ಧೂಳು ಆ ಹೊಳಪಿನ ಮೇಲೆ ಹಿಟ್ಟು ಜರಡಿ ಹಿಡಿದಂತೆ ಕೂತು, ಹೆಜ್ಜೆ ಹೆಜ್ಜೆಯೂ ಪೊಲೀಸ್ ಪಂಚನಾಮೆಯ ಗುರುತಿನಂತೆ ಕಾಣತೊಡಗಿತು. ದಿನಕ್ಕೆ ಮೂರು ಸಲ ಒರೆಸುವುದಾಯಿತು. ಆಳು ಯಾರು ಎಂದು ಈಗ ಯಾರೂ ಕೇಳುತ್ತಿಲ್ಲ, ನಾನೇ. ಎರಡನೇ ವಾರ ಒರೆಸಿದವನೇ ಜಾರಿ ಬಿದ್ದೆ, ಮೊಳಕೈ ಊದಿತು. ಮೂರನೇ ವಾರ ಒಳ್ಳು ಹೊರಗೆ ಹೋಯಿತು, ಕುಟ್ಟಿದರೆ ಟೈಲ್ಸ್ ಬಿರಿಯುತ್ತದೆ ಎಂದು. ಒಳ್ಳಿನ ಹಿಂದೆ ಶೇಂಗಾ ಹಿಂಡಿ ಹೋಯಿತು, ಅದರ ಹಿಂದೆ ರೊಟ್ಟಿ ಬಡಿಯುವ ಕೊಮಣಿಗೆ, ಆಮೇಲೆ ಒಲೆ. ಹಿತ್ತಲಲ್ಲಿ ಕಿತ್ತಿಟ್ಟಿದ್ದ ಹಳೇ ಫರ್ಸಿಗಳನ್ನೇ ಹಾಸಿಕೊಂಡು ಹೆಂಡತಿ ಈಗ ಅಲ್ಲೇ ಅಡುಗೆ ಮಾಡುತ್ತಾಳೆ. ಒಳಗಿನ ಅಡುಗೆಮನೆಯನ್ನು ಬಂದವರಿಗೆ ತೋರಿಸುತ್ತೇವೆ.

ಮೊನ್ನೆ ಬೆಂಗಳೂರಿನಿಂದ ಅವಳ ತಮ್ಮ ಬಂದಿದ್ದ. ಅಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಒಳಗಿನ ಟೈಲ್ಸ್ ನೋಡಿ 'ಚಲೋ ಅದ' ಅಂದವನು, ಹಿತ್ತಲಿಗೆ ಬಂದು ರೊಟ್ಟಿಗೆ ಕೂತವನೇ ಎದ್ದುನಿಂತು ನೆಲದ ಫೋಟೋ ಹೊಡೆದ. 'ಮಾಮಾ, ನಮ್ಮ ಆರ್ಕಿಟೆಕ್ಟು ಇಂಥದ್ದೇ ಬೇಕಂತಾರ. ಎಲ್ಲಿ ಸಿಗ್ತದ?'

ಒಳಗೆ ಹೋಗಿ ಕಲಬುರಗಿ ಅಂಗಡಿಯ ಕಾರ್ಡು ತಂದುಕೊಟ್ಟೆ. 'ಒಳಗ ಹೋಗಬ್ಯಾಡ. ಮೆಟ್ಟಲ ನೋಡ್ಕೊಂಡ್ ಬಾ.'