ಹಾಲ್‌ನಲ್ಲಿ ಜಗಳ, ರೂಮಿನಲ್ಲಿ ರಾಜಿ

ನಮ್ಮ ಕಾಲದ ಅಪ್ಪ-ಅಮ್ಮಂದಿರಷ್ಟು ಜವಾಬ್ದಾರಿಯುಳ್ಳವರು ಹಿಂದೆಂದೂ ಇರಲಿಲ್ಲ. ಮಗುವಿನ ಹಾಲಿಗೆ ಬಾದಾಮಿ ಪುಡಿ, ಬುದ್ಧಿಗೆ ಅಬಾಕಸ್, ಮೈಗೆ ಕರಾಟೆ, ಕಂಠಕ್ಕೆ ಸಂಗೀತ, ಎಲ್ಲ ವ್ಯವಸ್ಥೆಯೂ ಆಗಿದೆ. ಬಾಕಿ ಉಳಿದಿರುವುದು ಒಂದೇ: ತಾವಿಬ್ಬರೂ ಕಿತ್ತಾಡುವಾಗ ಮಗು ಅದನ್ನು ತಡೆದುಕೊಳ್ಳುವುದು ಹೇಗೆ? ಅದಕ್ಕೂ ಒಂದು ಕ್ಲಾಸು ಇದ್ದರೆ ನಾಳೆಯೇ ಸೇರಿಸಿಯಾರು. ಫೀಸು ಯಾರು ಕಟ್ಟಬೇಕು ಎಂಬುದಕ್ಕೆ ಇನ್ನೊಂದು ಜಗಳವಾದೀತು, ಅಷ್ಟೆ.

ಹಾಗೆಂದು ಕಾಳಜಿ ಇಲ್ಲವೆನ್ನುವಂತಿಲ್ಲ. ಮಗುವಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ ಜಗಳವಾಡುವ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಎಲ್‌ಕೆಜಿಗೇ ಲಕ್ಷ ಸುರಿದು, ಮನೆಯಲ್ಲೂ ಇಂಗ್ಲಿಷೇ ಮಾತಾಡಿ ಎಂದ ಮಿಸ್ ಮಾತನ್ನು ವೇದವಾಕ್ಯವೆಂದು ಪಾಲಿಸಿ, ಆಮೇಲೆ ಅದೇ ಭಾಷೆಯಲ್ಲಿ ಗುಟ್ಟಾಗಿ ಬೈದಾಡಿಕೊಳ್ಳುತ್ತಾರೆ. ಕೂಸಿಗೆ ಅರ್ಥವಾಗದ ಭಾಷೆಯೇ ಬೇಕಿದ್ದರೆ ಕನ್ನಡ ಇತ್ತಲ್ಲ!

ಜಗಳದ ಮನೆಯಲ್ಲಿ ಮಗುವಿಗೆ ಹುದ್ದೆಗಳೂ ಬಹಳ. ಮೊದಲನೆಯದು ಅಂಚೆಯಣ್ಣನದು. "ಪುಟ್ಟಾ, ನಿಮ್ಮಪ್ಪಂಗೆ ಹೇಳು, ಅನ್ನ ಆರ್ತಿದೆ" ಎಂಬ ಸುದ್ದಿಯನ್ನು ಅದು ಮೂರಡಿ ದೂರದ ಸೋಫಾಕ್ಕೆ ಮುಟ್ಟಿಸಬೇಕು. "ಹಸಿವಿಲ್ಲ ಅಂತ ಹೇಳು ನಿಮ್ಮಮ್ಮಂಗೆ" ಎಂಬ ಉತ್ತರವನ್ನು ವಾಪಸು ತರಬೇಕು. ಎರಡನೆಯದು ನ್ಯಾಯಾಧೀಶರ ಹುದ್ದೆ: "ನೀನೇ ಹೇಳು ಕಂದ, ತಪ್ಪು ಯಾರ್ದು?" 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಡಿ ಆ ಪೀಠದಲ್ಲಿ ಕೂರಲು ನ್ಯಾಯಾಂಗ ಹುದ್ದೆಯಲ್ಲೋ ವಕೀಲಿಕೆಯಲ್ಲೋ ಕನಿಷ್ಠ 7 ವರ್ಷದ ಅನುಭವ ಬೇಕು. ಮನೆಯ ಪೀಠಕ್ಕೆ 7 ವರ್ಷದ ವಯಸ್ಸೂ ಬೇಡ. ಮೂರನೆಯದು ಆರೋಪಿಯ ಸ್ಥಾನ: "ನಿನ್ನ ಮುಖ ನೋಡ್ಕೊಂಡು ಈ ಮನೇಲಿ ಬಿದ್ದಿದೀನಿ." ಸುತ್ತ ನಡೆಯುವುದೆಲ್ಲ ತನ್ನಿಂದಲೇ ಎಂದು ನಂಬುವ ವಯಸ್ಸು ಅದು. ತೀರ್ಪನ್ನು ಮೇಲ್ಮನವಿಯಿಲ್ಲದೆ ಒಪ್ಪಿಕೊಳ್ಳುತ್ತದೆ.

"ಅಯ್ಯೋ, ಚಿಕ್ಕದು ಅದು, ಅದಕ್ಕೇನು ಗೊತ್ತಾಗುತ್ತೆ?" ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. 6ರಿಂದ 12 ತಿಂಗಳ ಹಸುಗೂಸುಗಳು ನಿದ್ರಿಸುತ್ತಿದ್ದಾಗ ಅರ್ಥವಿಲ್ಲದ ವಾಕ್ಯಗಳನ್ನು ಬೇರೆಬೇರೆ ದನಿಗಳಲ್ಲಿ ಕೇಳಿಸಿ, ಮಿದುಳಿನ ಸ್ಕ್ಯಾನ್ ಮಾಡಿದರು. ಜಗಳ ಹೆಚ್ಚಿರುವ ಮನೆಯ ಕೂಸುಗಳಲ್ಲಿ, ತುಂಬ ಸಿಟ್ಟಿನ ದನಿ ಬಿದ್ದಾಗ ಒತ್ತಡಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಹೆಚ್ಚು ಮಿಡಿದವು. ಅರ್ಥವಿಲ್ಲದ ವಾಕ್ಯಗಳು ಎಂದದ್ದನ್ನು ಗಮನಿಸಿ. ನಮ್ಮ ಮನೆಗಳ ಜಗಳದಲ್ಲಿ ಅರ್ಥವಿರುತ್ತದೆ ಎಂದು ಯಾರು ತಾನೇ ಎದೆ ತಟ್ಟಿ ಹೇಳಿಯಾರು?

ಸ್ವಲ್ಪ ದೊಡ್ಡದಾದ ಮೇಲೆ ಸ್ಕ್ಯಾನೂ ಬೇಕಿಲ್ಲ. ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು; ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು. ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಡಾಕ್ಟರು ಜಂತುಹುಳುವಿನ ಮಾತ್ರೆ ಬರೆಯುತ್ತಾರೆ. ಮಾತ್ರೆ ನುಂಗಬೇಕಾದವರು ಹೊರಗೆ ವೇಟಿಂಗ್ ಹಾಲ್‌ನಲ್ಲಿ ಬಿಲ್ಲಿನ ವಿಷಯಕ್ಕೆ ಪಿಸುದನಿಯಲ್ಲಿ ಕಚ್ಚಾಡುತ್ತಿರುತ್ತಾರೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದ ಹಿರಿಯರೇ, ಅದೇ ಜಗಳದಲ್ಲಿ ಕೂಸು ಬಡವಾಯಿತು ಎಂದೂ ಹೇಳಿದ್ದಾರೆ. ಎರಡೂ ನಿಜ. ಕೂಸು ಉಂಡು ಮಲಗುವುದು ಇವರಿಗಿಂತ ಎರಡು ಗಂಟೆ ಮುಂಚೆ. ಹಾಲ್‌ನಲ್ಲಿ ನಡೆದ ಜಗಳದ ಪ್ರತಿಯೊಂದು ಮಾತೂ ಅದಕ್ಕೆ ಕೇಳಿಸಿರುತ್ತದೆ. ರೂಮಿನ ಬಾಗಿಲು ಹಾಕಿಕೊಂಡು ಮಾಡಿಕೊಂಡ ರಾಜಿ ಕಾಣುವುದಿಲ್ಲ. ಅಮೆರಿಕದ ನಾಟ್ರಡೇಮ್ ವಿಶ್ವವಿದ್ಯಾಲಯದ ಮಾರ್ಕ್ ಕಮಿಂಗ್ಸ್ ದಶಕಗಳ ಕಾಲ ಅಧ್ಯಯನ ಮಾಡಿ ಕಂಡುಕೊಂಡದ್ದೂ ಇದನ್ನೇ: ಜಗಳ ಬಗೆಹರಿದದ್ದನ್ನು ಕಣ್ಣಾರೆ ಕಂಡ ಮಕ್ಕಳ ಆತಂಕ ಬಹಳಷ್ಟು ಇಳಿಯುತ್ತದೆ, ಬಗೆಹರಿಯಿತೆಂದು ಆಮೇಲೆ ತಿಳಿಸಿದರೂ ಸಮಾಧಾನವಾಗುತ್ತದೆ. ಮೂರು ದಿನ ಮಾತು ಬಿಟ್ಟು ಮುಖ ಊದಿಸಿಕೊಳ್ಳುವವರು ತಾವು ಜಗಳವಾಡಲಿಲ್ಲವೆಂದು ಬೀಗಬೇಕಿಲ್ಲ. ಆ ಮೌನವೂ ಮಕ್ಕಳಿಗೆ ಜಗಳವೆಂದೇ ಗೊತ್ತಾಗುತ್ತದೆ.

ಅಂದಮೇಲೆ ಔಷಧಿ ತೀರ ಅಗ್ಗದ್ದು. ಎಲ್ಲರೆದುರು ಕಿರುಚಿದವರು ಎಲ್ಲರೆದುರೇ "ತಪ್ಪಾಯ್ತು ಕಣೇ" ಎನ್ನಬೇಕು, ಇಲ್ಲವೇ "ಹೋಗ್ಲಿ ಬಿಡಿ, ನಾನೂ ಜಾಸ್ತಿ ಮಾತಾಡ್ದೆ" ಎನ್ನಬೇಕು. ಮಗುವಿಗೆ "ನಾವಿಬ್ರೂ ಜಗಳ ಆಡಿದ್ವಿ, ಈಗ ಸರಿಹೋಯ್ತು, ಅದು ನಿನ್ನಿಂದ ಆಗಿದ್ದಲ್ಲ" ಎಂದರೆ ಸಾಕು. ಅರ್ಧ ನಿಮಿಷದ ಕೆಲಸ. ಇಎಂಐ ಕಟ್ಟಿ ಕಾರು ಕೊಳ್ಳುವವರಿಗೆ ಈ ಅರ್ಧ ನಿಮಿಷ ಮಾತ್ರ ದುಬಾರಿ, ಏಕೆಂದರೆ ಅದನ್ನು ಬಿಗುಮಾನದ ಖಾತೆಯಿಂದ ಕೊಡಬೇಕು.

ಕೈ ಎತ್ತುವ ಮನೆಗಳಿಗೆ ಈ ತಮಾಷೆ ಯಾವುದೂ ಅನ್ವಯಿಸದು. ಅಲ್ಲಿ ನಡೆಯುವುದು ಅಪರಾಧ. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, ಮಕ್ಕಳಿಗಾಗಿ ಹಗಲಿರುಳೂ 1098 ಸಹಾಯವಾಣಿ ಇದೆ. ಸಿಟ್ಟು ಕೈಮೀರುತ್ತಿದೆ ಎನಿಸುವ ದೊಡ್ಡವರು 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್ ಎಂಬ ಈ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದವರಿಗೆ ಜಗಳವನ್ನೇ ಬಿಡಿ ಎನ್ನುವಷ್ಟು ಮುಗ್ಧತೆ ಈ ಅಂಕಣಕ್ಕಿಲ್ಲ. ಆಡಿ. ಆದರೆ ಮಗು ಮಲಗುವ ಮುಂಚೆ ಮುಗಿಸಿ, ಅದರ ಕಣ್ಣೆದುರಿಗೇ ಮುಗಿಸಿ.