ಮಾರ್ಜಾರಗೃಹೋಚಿತ ಶ್ವಾನನಿರ್ಣಯ

ಈ ಶಾಸ್ತ್ರಕ್ಕೆ ವಿಷಯ, ಬೆಕ್ಕಿರುವ ಮನೆಗೆ ತರತಕ್ಕ ನಾಯಿ. ಪ್ರಯೋಜನ, ಉಭಯರ ಕಿವಿ ಮೂಗುಗಳು ಸ್ವಸ್ಥಾನದಲ್ಲಿ ಉಳಿಯುವುದು. ಅಧಿಕಾರಿ, ಬೆಕ್ಕನ್ನು ಸಾಕಿಕೊಂಡೂ ಮಕ್ಕಳ ಹಟಕ್ಕೋ ಕಳ್ಳರ ಭಯಕ್ಕೋ ನಾಯಿಯನ್ನೂ ಬಯಸುವ ಗೃಹಸ್ಥ. ಸೋಫಾದ ಮೇಲಿನ ಮಮಕಾರ ಬಿಡದವನಿಗೆ ಇಲ್ಲಿ ಅಧಿಕಾರವಿಲ್ಲ.

ಪೂರ್ವಪಕ್ಷ

‘ನಾಯಿ ಬೆಕ್ಕುಗಳದು ಹುಟ್ಟುವೈರ, ಆಯ್ಕೆಯ ಮಾತೇ ಏಳದು’ ಎಂಬುದು ಒಂದು ವಾದ. ಇದು ನಿಲ್ಲದು. ಶಾಶ್ವತ ವಿರೋಧವುಳ್ಳವರ ಹೆಸರುಗಳು ಸಮಾಸವಾದಾಗ ಏಕವಚನ ಬರಬೇಕೆಂದು ಪಾಣಿನಿ ಸೂತ್ರ ಮಾಡಿದ್ದಾನೆ. ಕಾಶಿಕಾವೃತ್ತಿ ಅದಕ್ಕೆ ಕೊಡುವ ಉದಾಹರಣೆಗಳು ಬೆಕ್ಕು-ಇಲಿ, ಹಾವು-ಮುಂಗುಸಿ. ನಾಯಿ-ಬೆಕ್ಕು ಅಲ್ಲಿಲ್ಲ. ವೈಯಾಕರಣರೇ ಪಟ್ಟಿಗೆ ಸೇರಿಸದ ಜಗಳವನ್ನು ಗೃಹಸ್ಥ ಶಾಶ್ವತವೆಂದು ಭಾವಿಸಿ ಕೈಚೆಲ್ಲುವುದು ಅಪಶಾಸ್ತ್ರ.

‘ಹಾಗಾದರೆ ಒಳ್ಳೆಯ ವಂಶದ್ದನ್ನು ತಂದರಾಯಿತು’ ಎಂಬುದು ಎರಡನೆಯ ವಾದ. ಇದಕ್ಕೆ 13ನೇ ಶತಮಾನದ ಜನ್ನನೇ ಉತ್ತರ. ಅವನ ‘ಯಶೋಧರ ಚರಿತೆ’ಯಲ್ಲಿ ಮಗ ಯಶೋಧರ ನವಿಲಾಗಿಯೂ ತಾಯಿ ಚಂದ್ರಮತಿ ನಾಯಿಯಾಗಿಯೂ ಹುಟ್ಟುತ್ತಾರೆ, ಆ ನಾಯಿ ಆ ನವಿಲನ್ನೇ ಕೊಲ್ಲುತ್ತದೆ. ರಾಜಮಾತೆಯ ಸಂಸ್ಕಾರವೇ ತಡೆಯದ್ದನ್ನು ಕೆನಲ್ ಕ್ಲಬ್ಬಿನ ಸರ್ಟಿಫಿಕೇಟು ತಡೆದೀತೆ?

ತಳಿವಿಚಾರ

ಹಾಗೆಂದು ತಳಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತಳಿಯೆಂದರೆ ಪೂರ್ವಿಕರ ಕಸುಬು. ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು ಎಂದು ಬೇಟೆಗೆ ಐದು ಅಂಗಗಳು. ಮನುಷ್ಯ ಯಾವ ತಳಿಯಲ್ಲಿ ಯಾವ ಅಂಗವನ್ನು ಬೆಳೆಸಿದ, ಯಾವುದನ್ನು ಮೊಟಕಿದ ಎಂಬುದೇ ಇಲ್ಲಿ ವಿಚಾರ್ಯ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಕುಲದ್ದು. ಓಡಿದ್ದೆಲ್ಲ ಅದಕ್ಕೆ ಮೊಲ. ಬೆಕ್ಕಿನ ದೋಷ ಓಡಿದ್ದು ಮಾತ್ರ. 2005ರಲ್ಲಿ ಅಂಚೆ ಇಲಾಖೆ ಮುಧೋಳದ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಆ ಚೀಟಿಯನ್ನು ಬೆಕ್ಕಿರುವ ಮನೆಯಲ್ಲಿ ನಿರ್ಭಯವಾಗಿ ಇಡಬಹುದು. ಟೆರಿಯರ್‌ಗಳು ಇಲಿ ಹೆಗ್ಗಣಗಳನ್ನು ಮುಗಿಸಲೆಂದೇ ಬೆಳೆದವು. ರೋಮವುಳ್ಳ ಸಣ್ಣ ಪ್ರಾಣಿಗಳಲ್ಲಿ ಅವು ಭೇದ ಎಣಿಸುವುದು ಕಡಿಮೆ. ಗಿಡ್ಡ ಕಾಲಿನ ಡ್ಯಾಶ್‌ಹುಂಡನ್ನು ಕಂಡು ನಗುವವರು, ಬಿಲಕ್ಕೆ ನುಗ್ಗಲೆಂದೇ ಜರ್ಮನರು ಅದನ್ನು ಬೆಳೆಸಿದರೆಂಬುದನ್ನೂ, ಹೆದರಿದ ಬೆಕ್ಕು ಮೊದಲು ಸೇರುವುದು ಮಂಚದ ಕೆಳಗೆ ಎಂಬುದನ್ನೂ ಕೂಡಿಸಿ ನೋಡತಕ್ಕದ್ದು. ಲ್ಯಾಬ್ರಡಾರ್ ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ತಂದೊಪ್ಪಿಸುವ ವೃತ್ತಿಯದು. ಅದರ ಬಾಯಲ್ಲಿ ಬೆಕ್ಕಿನ ಚರ್ಮಕ್ಕೆ ಕ್ಷೇಮ, ಮಾನಕ್ಕಲ್ಲ.

ಪೂರ್ವಿಕರ ಕಸುಬು ದಾಖಲೆಯಲ್ಲೇ ಇಲ್ಲದ ಬೀದಿನಾಯಿಯ ಗತಿಯೇನು? ಅದನ್ನು ಒಂದೊಂದಾಗಿ ಪರೀಕ್ಷಿಸಬೇಕು. ತಳಿಯ ನಾಯಿಯನ್ನೂ ಹಾಗೆಯೇ. ತಳಿಯಿಂದ ಸಿಗುವುದು ಅನುಮಾನ, ನಡತೆಯಿಂದ ಸಿಗುವುದು ಪ್ರತ್ಯಕ್ಷ. ಪ್ರತ್ಯಕ್ಷವಿದ್ದಲ್ಲಿ ಅನುಮಾನಕ್ಕೆ ಕೆಲಸವಿಲ್ಲ.

ವಯೋವಿಚಾರ

ನಾಯಿಮರಿ ‘ಇವರು ನಮ್ಮವರು’ ಎಂದು ಸುಲಭವಾಗಿ ಒಪ್ಪುವುದು ಸುಮಾರು 3ರಿಂದ 12 ವಾರಗಳೊಳಗೆ ಎಂದು ಸ್ಕಾಟ್ ಮತ್ತು ಫುಲ್ಲರ್ ತಮ್ಮ 1965ರ ಗ್ರಂಥದಲ್ಲಿ ತೋರಿಸಿದರು. ಬೆಕ್ಕಿನ ಮರಿಗೆ ಈ ಬಾಗಿಲು ಇನ್ನೂ ಬೇಗ, ಸುಮಾರು 7ನೇ ವಾರಕ್ಕೆ ಮುಚ್ಚತೊಡಗುತ್ತದೆ. ಬೆಕ್ಕು ಮನೆಗೆ ಮೊದಲು ಬಂದಿದ್ದರೆ, ಎರಡೂ ಎಳೆಯ ಪ್ರಾಯದಲ್ಲೇ ಸೇರಿದ್ದರೆ ಸ್ನೇಹ ಸಲೀಸೆಂದು ಟೆಲ್ ಅವೀವ್ ವಿಶ್ವವಿದ್ಯಾಲಯದವರು 2008ರ ಅಧ್ಯಯನದಲ್ಲಿ ಕಂಡುಕೊಂಡರು. ಬೆಕ್ಕು ಮೊದಲು ಬಂದಿದ್ದರೆ ಮನೆ ತನ್ನದೆಂದು ತಿಳಿಯುತ್ತದೆ, ಆಮೇಲೆ ಬಂದರೂ ಹಾಗೆಯೇ ತಿಳಿಯುತ್ತದೆ. ಮೊದಲನೆಯ ಪಕ್ಷದಲ್ಲಿ ನಾಯಿಗೆ ಅದನ್ನು ಒಪ್ಪುವುದು ಸುಲಭ.

ಪುಚ್ಛಪ್ರಕರಣ

ನಾಯಿಯ ಬಾಲ ಡೊಂಕೆಂದು ಲೋಕ ಆಡಿಕೊಂಡಿತೇ ಹೊರತು ಅದರ ಅಲ್ಲಾಟವನ್ನು ವ್ಯಾಖ್ಯಾನಿಸಲಿಲ್ಲ. ಸಡಿಲವಾಗಿ ಬೀಸುವ ಬಾಲ ನಾಯಿಯಲ್ಲಿ ಪ್ರೀತಿ. ಅತ್ತಿತ್ತ ಬಡಿಯುವ ಬಾಲ ಬೆಕ್ಕಿನಲ್ಲಿ ಸಿಟ್ಟು. ನಾಯಿ ಮುಂಗಾಲೆತ್ತಿದರೆ ಆಟದ ಕರೆ, ಬೆಕ್ಕು ಎತ್ತಿದರೆ ಮುಂದಿನದು ಕಪಾಳಮೋಕ್ಷ. ಒಟ್ಟಿಗೆ ಬೆಳೆದವು ಪರಸ್ಪರರ ಭಾಷೆ ಕಲಿಯುತ್ತವೆ. ಈ ವಿಷಯದಲ್ಲಿ ಅವು ಮನುಷ್ಯರಿಗಿಂತ ಚುರುಕು.

ಪರೀಕ್ಷಾವಿಧಿ

ನಾಯಿಗೆ ಬೆಲ್ಟು ಕಟ್ಟಿ, ಕೋಣೆಯ ಆಚೆ ತುದಿಯಲ್ಲಿ ಧೈರ್ಯಸ್ಥ ಬೆಕ್ಕೊಂದನ್ನು ಕಾಣಿಸತಕ್ಕದ್ದು. ಮೈ ಬಿಗಿದು, ಬಾಯಿ ಮುಚ್ಚಿ, ರೆಪ್ಪೆ ಬಡಿಯದೆ ನೋಡಿ, ಹೆಸರು ಕೂಗಿದರೂ ಕತ್ತು ತಿರುಗಿಸದ ನಾಯಿ ಅನುತ್ತೀರ್ಣ. ಈ ಮೌನವನ್ನು ಸಾಧುತನವೆಂದು ಭ್ರಮಿಸಿದವರು ಬಹಳ. ಒಮ್ಮೆ ನೋಡಿ, ನೆಲ ಮೂಸಿ, ಬಿಸ್ಕತ್ತು ಇದೆಯೇ ಎಂದು ಯಜಮಾನನ ಕಡೆ ತಿರುಗುವ ನಾಯಿ ಉತ್ತೀರ್ಣ. ಉತ್ತೀರ್ಣವಾದದ್ದನ್ನೂ ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು, ಒಬ್ಬರ ಹಾಸಿಗೆಯನ್ನು ಇನ್ನೊಬ್ಬರಿಗೆ ಮೂಸಲು ಕೊಟ್ಟು, ಮುಚ್ಚಿದ ಬಾಗಿಲಿನ ಎರಡು ಬದಿಗೆ ಊಟ ಬಡಿಸಬೇಕು. ಬೆಕ್ಕಿಗೆ ಅಟ್ಟವೋ ಬೀರುವಿನ ತಲೆಯೋ ಸದಾ ತೆರೆದಿರಬೇಕು. ಅದರ ತಟ್ಟೆಯೂ ಎತ್ತರದಲ್ಲಿರಬೇಕು. ಬೆಕ್ಕಿನ ಅನ್ನ ಕದಿಯದ ನಾಯಿಯನ್ನು ಯಾವ ಶಾಸ್ತ್ರವೂ ಕಂಡಿಲ್ಲ.

ಸಿದ್ಧಾಂತ

ಈ ಎಲ್ಲದರಿಂದ ಸಿದ್ಧವಾಗುವುದೇನೆಂದರೆ, ಇಲ್ಲಿ ಪರೀಕ್ಷಾರ್ಥಿ ನಾಯಿ, ಪರೀಕ್ಷಕ ಬೆಕ್ಕು. ಗೃಹಸ್ಥ ಹಾಜರಿ ಬರೆಯುವ ಗುಮಾಸ್ತ. ಬೆಕ್ಕು ಬೀರುವಿನಿಂದ ಇಳಿದು ನಾಯಿಯೆದುರೇ ಬೆನ್ನು ತಿರುಗಿಸಿ ಕೂತು ಮೈ ನೆಕ್ಕತೊಡಗಿದರೆ ಆಯ್ಕೆ ಅಂಗೀಕೃತ. ಇಳಿಯದಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ.

ಫಲಶ್ರುತಿ

ಇದನ್ನು ಓದಿ ನಾಯಿ ತಂದವನಿಗೆ ಗೃಹಶಾಂತಿ, ಓದದೆ ತಂದವನಿಗೆ ಪಶುವೈದ್ಯರ ನಿತ್ಯದರ್ಶನ. ಪೂರ್ತಿ ಓದಿಯೂ ‘ಅಯ್ಯೋ, ಎಷ್ಟು ಮುದ್ದಾಗಿದೆ!’ ಎಂದು ಮೊದಲು ಕಂಡ ಮರಿಯನ್ನೇ ಎತ್ತಿಕೊಂಡು ಬರುವ ಬಹುಸಂಖ್ಯಾತರಿಗೆ ಇವೆರಡೂ ಸರದಿಯಂತೆ ಪ್ರಾಪ್ತವಾಗುವುವು.